ಕರಾಟೆನಾ, ಬಾಕ್ಸಿಂಗಾ, ಗರಡಿನಾ? ಸೆಲ್ಫ್ ಡಿಫೆನ್ಸ್‌ಗೆ ಯಾವ ಕ್ಲಾಸ್ ಸೇರೋದು

ಅಕ್ಕನ ಮಗಳು ಹೋದ ವರ್ಷ ಡಿಗ್ರಿಗೆ ಅಂತ ಬೆಂಗಳೂರಿಗೆ ಬಂದ್ಲು, ವಿಜಯನಗರದ ಕಡೆ ಒಂದು ಪಿಜಿ ಸಿಕ್ತು, ಬಂದು ವಾರ ಆಗಿಲ್ಲ ಫೋನು. "ಮಾಮ, ಇಲ್ಲಿ ಪಿಜಿ ಸುತ್ತಮುತ್ತ ನಾಲ್ಕು ಬೋರ್ಡ್ ಇದೆ, ಕರಾಟೆ ಒಂದು, ಕ್ರಾವ್ ಮಗಾ ಒಂದು, ಬಾಕ್ಸಿಂಗ್ ಒಂದು, ಇನ್ನೊಂದು ಎಂಎಂಎ ಅಂತೆ. ಅಮ್ಮ ಯಾವ್ದಾದ್ರೂ ಸೇರ್ಕೋ ಅಂತ ದಿನಾ ತಲೆ ತಿಂತಿದಾಳೆ. ಯಾವ್ದು ಒಳ್ಳೇದು ಹೇಳು." ಒಂದು ಹೆಸರು ಹೇಳಿ ಫೋನ್ ಇಡಬಹುದಿತ್ತು, ಆದ್ರೆ ನಾನೇ ಬೋರ್ಡ್ ನೋಡಿ ಸೇರಿ ಏಳು ವರ್ಷ ಕಳೆದವನು, ಹಂಗಾಗಿ ಒಂದು ಗಂಟೆ ಕೊರೆದೆ. ಆಮೇಲೆ ಆಫೀಸಲ್ಲೂ ಇಬ್ರು ಇದನ್ನೇ ಕೇಳಿದ್ರು. ಪದೇ ಪದೇ ಹೇಳೋ ಬದಲು ಇಲ್ಲಿ ಬರೀತಿದೀನಿ.

ನನ್ನ ಕತೆ ಮೊದ್ಲು ಹೇಳ್ಬಿಡ್ತೀನಿ. ಊರಲ್ಲಿ ಹೈಸ್ಕೂಲ್ ಗ್ರೌಂಡಲ್ಲಿ ಸಂಜೆ ಕರಾಟೆ ಕ್ಲಾಸು, ಸಾಲಾಗಿ ನಿಂತ್ಕೊಂಡು ಗಾಳಿಗೆ ಪಂಚು, ಗಾಳಿಗೆ ಕಿಕ್ಕು, ಮೂರ್ನಾಲ್ಕು ತಿಂಗಳಿಗೊಂದು ಬೆಲ್ಟ್ ಟೆಸ್ಟು, ಅದಕ್ಕೆ ಬೇರೆ ಫೀಸು. ಬ್ರೌನ್ ಬೆಲ್ಟ್‌ವರೆಗೂ ಹೋದೆ. ಕಟಾ, ಅಂದ್ರೆ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡೋ ಪಟ್ಟುಗಳು, ಚೆನ್ನಾಗಿ ಮಾಡ್ತಿದ್ದೆ, ಸ್ಕೂಲ್ ಡೇ ಫಂಕ್ಷನ್‌ನಲ್ಲಿ ಹೆಂಚು ಒಡೆದಿದ್ದೂ ಇದೆ. ಆ ಏಳು ವರ್ಷದಲ್ಲಿ ಒಬ್ಬರೇ ಒಬ್ಬರು ನನ್ನ ಕೊರಳಪಟ್ಟಿ ಹಿಡಿದು "ಬಿಡಲ್ಲ, ಬಿಡಿಸ್ಕೋ ನೋಡಣ" ಅಂದಿರ್ಲಿಲ್ಲ. ಆಮೇಲೆ ಬೆಂಗಳೂರಲ್ಲಿ ಕೆಲ್ಸಕ್ಕೆ ಸೇರಿದ ಮೇಲೆ ಒಂದು ದಿನ ಸಿಗ್ನಲ್‌ನಲ್ಲಿ ನನ್ನ ಬೈಕ್ ಮಿರರ್ ಒಬ್ಬನಿಗೆ ತಾಗ್ತು, ಅವ್ನು ಇಳಿದು ಬಂದು ಒಂದು ಕೈಲಿ ಕೊರಳಪಟ್ಟಿ ಹಿಡಿದು ಇನ್ನೊಂದು ಕೈಲಿ ಕಪಾಳಕ್ಕೆ ಬಾರಿಸಿದ. ನಾನು ಏನು ಮಾಡ್ದೆ ಅಂದ್ರೆ ಏನೂ ಮಾಡ್ಲಿಲ್ಲ, ಕಂಬದ ಥರ ನಿಂತಿದ್ದೆ. ಅಕ್ಕಪಕ್ಕದವರು ಬಿಡಿಸಿದ್ರು, ಶರ್ಟಿನ ಎರಡು ಗುಂಡಿ ಹೋಯ್ತು, ಏಳು ವರ್ಷದ ಜಂಬವೂ ಹೋಯ್ತು. ಸ್ವಲ್ಪ ದಿನ ಆದ್ಮೇಲೆ ಫ್ರೆಂಡ್ ಒಬ್ಬ ಜೂಡೋ ಕ್ಲಾಸಿಗೆ ಕರ್ಕೊಂಡು ಹೋದ, ಮೊದಲನೇ ದಿನವೇ ಹತ್ತನೇ ಕ್ಲಾಸಿನ ಹುಡುಗಿ ಒಬ್ಳು ನನ್ನನ್ನ ನಾಲ್ಕು ಸಲ ಎತ್ತಿ ಹಾಕಿದ್ಲು. ನಾನು ಬಿಟ್ಟುಕೊಟ್ಟಿರ್ಲಿಲ್ಲ, ನಿಜವಾಗ್ಲೂ ತಡೀತಿದ್ದೆ.

ವ್ಯತ್ಯಾಸ ಇರೋದು ಅಲ್ಲೇ. ನಾನು ಅವಳಿಗೆ ಬೇಡ ಬೇಡ ಅಂತ ತಡೀತಿದ್ರೂ ಅವಳ ವಿದ್ಯೆ ಕೆಲ್ಸ ಮಾಡ್ತು, ಯಾಕಂದ್ರೆ ಅವ್ಳು ದಿನಾ ಕಲಿಯೋದೇ ಹಾಗೆ ತಡೆಯೋರ ಮೇಲೆ. ನನ್ನ ಎದುರಿಗೆ ಏಳು ವರ್ಷ ಇದ್ದಿದ್ದು ಬರೀ ಗಾಳಿ, ಗಾಳಿ ಯಾವತ್ತೂ ತಿರುಗಿ ಹೊಡೆಯಲ್ಲ.

ಜೂಡೋ ಹುಟ್ಟಿದ ಕತೆಯಲ್ಲೇ ಇದು ಇದೆ. 1882ರಲ್ಲಿ ಟೋಕಿಯೋದಲ್ಲಿ ಜಿಗೊರೊ ಕಾನೊ ಅಂತ ಒಬ್ರು ಮೇಷ್ಟ್ರು ಕೊಡೊಕಾನ್ ಅನ್ನೋ ಶಾಲೆ ಶುರು ಮಾಡಿದ್ರು. ಅದಕ್ಕೂ ಮುಂಚೆ ಜಪಾನಿನಲ್ಲಿದ್ದ ಜುಜುತ್ಸು ಅನ್ನೋ ಹಳೇ ಕಾಳಗ ವಿದ್ಯೆಲಿ ಕಣ್ಣಿಗೆ ಬೆರಳು ಹಾಕೋದು, ಮರ್ಮಕ್ಕೆ ಹೊಡೆಯೋದು, ಕೀಲು ಮುರಿಯೋದು ಎಲ್ಲಾ ಇತ್ತು, ಅವೆಲ್ಲ ಅಪಾಯದ್ದು ಅಂತಲೇ ನಿಜವಾಗಿ ಪ್ರಾಕ್ಟೀಸ್ ಮಾಡೋ ಹಾಗಿಲ್ಲ, ನಾಟಕದ ಥರ ಮಾಡಿ ತೋರಿಸ್ಬೇಕು ಅಷ್ಟೇ. ಕಾನೊ ಅಂಥಾವನ್ನ ಕಟಾ ಒಳಗೆ ಪಕ್ಕಕ್ಕಿಟ್ಟು, ಪೂರ್ತಿ ಬಲ ಹಾಕಿ ಮಾಡಿದ್ರೂ ಎದುರಿನವನು ನಾಳೆ ಕ್ಲಾಸಿಗೆ ಬರಬಹುದಾದಂಥ ಪಟ್ಟುಗಳನ್ನ ಮಾತ್ರ ಇಟ್ಕೊಂಡು ಇಬ್ಬರೂ ನಿಜವಾಗಿ ಹೋರಾಡೋ ಅಭ್ಯಾಸ ಮಾಡಿಸಿದ್ರು. ರಾಂಡೊರಿ ಅಂತಾರೆ ಅದಕ್ಕೆ, ಬೇರೆ ವಿದ್ಯೆಗಳಲ್ಲಿ ಸ್ಪಾರಿಂಗ್ ಅಂತಾರೆ. ತಮಾಷೆ ನೋಡಿ, 'ಡೇಂಜರ್' ವಿದ್ಯೆ ತೆಗೆದುಹಾಕಿದ ಮೇಲೆ ಉಳಿದಿದ್ದೇ ಜಾಸ್ತಿ ಕೆಲ್ಸಕ್ಕೆ ಬಂತು. ಅದಕ್ಕೇ ಯಾರಾದ್ರೂ "ನಮ್ಮ ವಿದ್ಯೆ ತುಂಬಾ ಡೆಡ್ಲಿ, ಅದಕ್ಕೇ ನಮ್ಮಲ್ಲಿ ಸ್ಪಾರಿಂಗ್ ಇಲ್ಲ" ಅಂದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಈಗ ಕ್ಲಾಸ್ ಹುಡುಕೋಕೆ ಮುಂಚೆ ಒಂದು ಸಣ್ಣ ಕೆಲ್ಸ. ನಿಮ್ಮ ಕಣ್ಣೆದುರಿಗೆ ನಡೆದಿರೋ ಜಗಳಗಳನ್ನ ನೆನಪು ಮಾಡ್ಕೊಳಿ, ಸಿನಿಮಾದ್ದಲ್ಲ. ಮೊದ್ಲು ಬಾಯಿ ಜೋರಾಗತ್ತೆ, "ಯಾರ್ಗೋ ಹೇಳ್ತಿದೀಯ" ಅಂತ ಎದೆಗೆ ಎದೆ ತಂದು ನಿಲ್ತಾರೆ, ತಳ್ಳಾಟ ಆಗತ್ತೆ, ಒಬ್ಬ ಕೊರಳಪಟ್ಟಿಗೆ ಕೈ ಹಾಕ್ತಾನೆ, ಇನ್ನೊಬ್ಬ ಕಪಾಳಕ್ಕೋ ಕಿವಿ ಮೇಲಕ್ಕೋ ಒಂದು ಬಿಡ್ತಾನೆ, ಆಮೇಲೆ ಇಬ್ಬರೂ ತಬ್ಕೊಂಡು ರೋಡಿಗೆ ಬೀಳ್ತಾರೆ, ಇಷ್ಟು ಮುಗಿಯೋಕೆ ಇಪ್ಪತ್ತು ಸೆಕೆಂಡು ಸಾಕು. ತಿರುಗಿ ಹಾರಿ ಒದ್ದವರನ್ನ ನಾನಂತೂ ನೋಡಿಲ್ಲ, ಒದೆಯೋಕೆ ಹೋಗಿ ಜೀನ್ಸ್ ಬಿಗಿಯಾಗಿ ಚಪ್ಪಲಿ ಜಾರಿ ತಾನೇ ಬಿದ್ದವನನ್ನ ಮಾತ್ರ ನೋಡಿದೀನಿ, ನಮ್ಮ ಫುಟ್‌ಪಾತ್ ಕಲ್ಲುಗಳ ಮೇಲೆ ಸುಮ್ನೆ ನಡೆಯೋದೇ ಒಂದು ವಿದ್ಯೆ ಬಿಡಿ. ಅಂದ್ರೆ ಬೇಕಾಗಿರೋದು ಏನು? ಮೊದಲನೇ ಏಟು ಬಿದ್ದಾಗ ಕಣ್ಣು ಮುಚ್ಚದೆ ಕಾಲ ಮೇಲೆ ನಿಂತಿರೋದು, ಹಿಡಿದ ಕೈಯಿಂದ ಬಿಡಿಸ್ಕೊಳೋದು, ಬಿದ್ರೆ ತಲೆ ನೆಲಕ್ಕೆ ಬಡಿಯದೆ ಬೀಳೋದು, ಬಿದ್ದ ಮೇಲೆ ಮೇಲೇಳೋದು, ಎದ್ದ ಮೇಲೆ ಓಡೋದು. ಇದ್ರಲ್ಲಿ ಎಷ್ಟನ್ನ ಆ ಕ್ಲಾಸ್ ಮಾಡಿಸತ್ತೆ ಅಂತ ನೋಡ್ಬೇಕು.

ಹೆಣ್ಣುಮಕ್ಕಳಿಗೆ ಚಿತ್ರ ಸ್ವಲ್ಪ ಬೇರೆ. ಬಸ್ಸಲ್ಲಿ ಮೈಗೆ ಒರಗೋನು, ಹಿಂದೆ ಹಿಂದೆ ಬರೋನು ಇದ್ದೇ ಇದಾರೆ, ಆದ್ರೆ ದೊಡ್ಡ ಅಪಾಯ ಎಷ್ಟೋ ಸಲ ಗುರುತಿರೋ ಮುಖದಿಂದಲೇ ಬರೋದು, ಕ್ಲಾಸ್‌ಮೇಟು, ಸಂಬಂಧಿಕ, ಆಫೀಸಿನವನು. ಕೆನಡಾದ ಮೂರು ಯೂನಿವರ್ಸಿಟಿಗಳಲ್ಲಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ಒಂದು ಅಧ್ಯಯನ ಮಾಡಿದ್ರು, 2015ರಲ್ಲಿ ಪ್ರಕಟ ಆಯ್ತು. ಅರ್ಧ ಜನಕ್ಕೆ 12 ಗಂಟೆಯ ತರಬೇತಿ, ಉಳಿದವರಿಗೆ ಓದ್ಕೊಳೋಕೆ ಕರಪತ್ರ. ಒಂದು ವರ್ಷ ಆದ್ಮೇಲೆ ನೋಡಿದ್ರೆ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಲ್ಲಿ ಶೇಕಡಾ 9.8, ತರಬೇತಿ ತಗೊಂಡೋರಲ್ಲಿ 5.2. ಆ 12 ಗಂಟೆಯಲ್ಲಿ ಹೊಡೆಯೋದು ಒದೆಯೋದು ಒಂದು ಭಾಗ ಮಾತ್ರ, ಮಿಕ್ಕಿದ್ದೆಲ್ಲ ಪರಿಚಯದವನು ಗೆರೆ ದಾಟ್ತಿದಾನೆ ಅಂತ ಬೇಗ ಗುರುತಿಸೋದು, ಸಂಕೋಚ ಬಿಟ್ಟು ಗಟ್ಟಿಯಾಗಿ ಬೇಡ ಅನ್ನೋದು, ಅಲ್ಲಿಂದ ಎದ್ದು ಹೋಗೋದು. "ಅಯ್ಯೋ ಬೇಜಾರು ಮಾಡ್ಕೋತಾರೇನೋ" ಅನ್ನೋ ಸಂಕೋಚ ಇದ್ಯಲ್ಲ, ಅದನ್ನ ಮುರಿಯೋ ಪಾಠ ಯಾವ ಬ್ಲ್ಯಾಕ್ ಬೆಲ್ಟ್ ಸಿಲಬಸ್‌ನಲ್ಲೂ ನಾನು ನೋಡಿಲ್ಲ. ನೀವು ನೋಡೋ ಕ್ಲಾಸ್‌ನಲ್ಲಿ ಇಂಥಾದ್ದು ಒಂಚೂರಾದ್ರೂ ಮಾತಾಡ್ತಾರೆ ಅಂದ್ರೆ ಅದಕ್ಕೆ ಎಕ್ಸ್‌ಟ್ರಾ ಮಾರ್ಕ್ಸ್ ಕೊಡಿ.

ಸರಿ, ಈಗ ಒಂದೊಂದೇ ವಿದ್ಯೆ. ಇದು ನನ್ನ ಅಭಿಪ್ರಾಯ, ನಿಮ್ಮ ಮಾಸ್ಟರ್ ಒಪ್ಪದೇ ಇರಬಹುದು.

ಬೇಗ ಏನಾದ್ರೂ ಕೈಗೆ ಹತ್ತಬೇಕು ಅಂದ್ರೆ ಬಾಕ್ಸಿಂಗ್. ಕಲಿಯೋ ಪಂಚ್ ಲೆಕ್ಕ ಹಾಕಿದ್ರೆ ನಾಲ್ಕೇ, ಜ್ಯಾಬ್, ಕ್ರಾಸ್, ಹುಕ್, ಅಪ್ಪರ್‌ಕಟ್, ಆದ್ರೆ ಆ ನಾಲ್ಕನ್ನ ನಿಮಗೆ ತಿರುಗಿಸಿ ಹೊಡೀತಿರೋ ಮನುಷ್ಯನ ಮೇಲೆ ಸಾವಿರ ಸಲ ಮಾಡಿಸ್ತಾರೆ. ನಾಲ್ಕೈದು ತಿಂಗಳಲ್ಲಿ ಮುಖದ ಕಡೆ ಕೈ ಬಂದ್ರೆ ಕಣ್ಣು ಮುಚ್ಚೋದು ನಿಲ್ಲತ್ತೆ, ಎಷ್ಟು ದೂರದಲ್ಲಿ ನಿಂತ್ರೆ ಎದುರಿನವನ ಕೈ ತಾಗಲ್ಲ ಅಂತ ಕಾಲಿಗೆ ಗೊತ್ತಾಗತ್ತೆ. ನನ್ನ ಪ್ರಕಾರ ಪಂಚ್‌ಗಿಂತ ದೊಡ್ಡ ಲಾಭ ಇದೇ. ಕೊರತೆನೂ ಇದೆ, ಹಿಡ್ಕೊಂಡ್ರೆ ರೆಫ್ರಿ ಬಿಡಿಸ್ತಾನೆ, ರೋಡಲ್ಲಿ ರೆಫ್ರಿ ಇರಲ್ಲ. ಇನ್ನೊಂದು, ಗ್ಲೌಸ್ ಇಲ್ಲದೆ ಬರಿಗೈಲಿ ತಲೆಬುರುಡೆಗೆ ಗುದ್ದಿದ್ರೆ ಕಿರುಬೆರಳಿನ ಬುಡದ ಮೂಳೆ ಮುರಿಯತ್ತೆ, ಡಾಕ್ಟರ್‌ಗಳು ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರಿಟ್ಟಿದಾರೆ. ಹಂಗಾಗಿ ಮುಷ್ಟಿ ಬದಲು ಅಂಗೈಯ ಬುಡದಿಂದ ಹೊಡೆಯೋದನ್ನೂ ಕಲಿಸ್ತೀರಾ ಅಂತ ಕೋಚ್‌ನ ಕೇಳಿ. ಪ್ರತಿ ವಾರ ತಲೆಗೆ ಜೋರಾಗಿ ಏಟು ತಿನ್ನಿಸೋ ಜಾಗ ಆದ್ರೆ ಬೇಡ, ತಲೆಗೆ ಬಿದ್ದ ಏಟು ಲೆಕ್ಕದಲ್ಲಿ ಸೇರ್ತಾ ಹೋಗತ್ತೆ, ಯಾವನೋ ಪುಂಡ ಯಾವತ್ತೋ ಹೊಡೀಬಹುದು ಅಂತ ನಾವೇ ದುಡ್ಡು ಕೊಟ್ಟು ದಿನಾ ಹೊಡಿಸ್ಕೊಳೋದು ಯಾವ ಬುದ್ಧಿವಂತಿಕೆ.

ಜೂಡೋ ಬಗ್ಗೆ ನಂಗೆ ಪಕ್ಷಪಾತ ಇದೆ, ಮೊದ್ಲೇ ಹೇಳ್ತೀನಿ. ಜೂಡೋದಲ್ಲಿ ಬಟ್ಟೆ ಹಿಡಿದೇ ಆಟ, ಕಾಲರ್ರು ತೋಳು ಹಿಡಿದು ಎಳೆದಾಡಿ ಬೀಳಿಸೋದು, ನಮ್ಮ ಬೀದಿ ಜಗಳವೂ ಶುರುವಾಗೋದು ಕಾಲರ್‌ನಿಂದಲೇ. ಎತ್ತಿ ಹಾಕಿದ್ರೆ ಟಾರ್ ರೋಡಿಗಿಂತ ದೊಡ್ಡ ಗುದ್ದು ಯಾರ ಕೈಲೂ ಇಲ್ಲ. ಮೊದಲನೇ ತಿಂಗಳು ಪೂರ್ತಿ ಬೀಳೋದನ್ನ ಕಲಿಸ್ತಾರೆ, ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಕೈ ಚಾಚಿ ನೆಲಕ್ಕೆ ಬಡಿದು. ಬೋರ್ ಹೊಡೆಯತ್ತೆ. ಆದ್ರೆ ಈ ಹದಿನೈದು ವರ್ಷದಲ್ಲಿ ನಂಗೆ ನಿಜವಾಗಿ ಉಪಯೋಗಕ್ಕೆ ಬಂದಿರೋದು ಅದೊಂದೇ, ಒಂದ್ಸಲ ಮಳೇಲಿ ಬೈಕ್ ಸ್ಕಿಡ್ ಆದಾಗ, ಇನ್ನೊಂದ್ಸಲ ಬಚ್ಚಲು ಮನೇಲಿ ಸೋಪಿನ ನೀರಲ್ಲಿ ಜಾರಿದಾಗ. ಇಲ್ಲೂ ಒಂದು ಕೊರತೆ ಇದೆ, 2010ರಿಂದ ಈಚೆಗೆ ಕಾಂಪಿಟಿಷನ್ ರೂಲ್ಸ್‌ನಲ್ಲಿ ಕಾಲಿಗೆ ಕೈ ಹಾಕೋದನ್ನ ಹಂತ ಹಂತವಾಗಿ ತೆಗೆದುಬಿಟ್ರು, ಹಂಗಾಗಿ ಬರೀ ಸ್ಪರ್ಧೆಗೇ ತಯಾರು ಮಾಡೋ ಕ್ಲಾಸಲ್ಲಿ ಕಾಲಿಗೆ ನುಗ್ಗಿ ಬರೋನನ್ನ ತಡೆಯೋದು ಹೇಳ್ಕೊಡಲ್ಲ. ನಲವತ್ತು ದಾಟಿದ ಮೇಲೆ ಹೊಸದಾಗಿ ಶುರು ಮಾಡೋರು ನಿಧಾನ, ಮಂಡಿ ಭುಜ ಎರಡೂ ಮಾತು ಕೇಳಲ್ಲ.

ಆಮೇಲೆ ನಮ್ಮ ಗರಡಿ. ಇದನ್ನ ಯಾರೂ ಲಿಸ್ಟಿಗೇ ಸೇರಿಸಲ್ಲ ಅನ್ನೋದು ನಂಗೆ ಹೊಟ್ಟೆ ಉರಿ. ಮೈಸೂರು, ದಾವಣಗೆರೆ, ಬೆಳಗಾವಿ ಕಡೆ ಇರೋರು ಜಪಾನ್ ಬ್ರೆಜಿಲ್ ಅಂತ ಹುಡುಕೋಕೆ ಮುಂಚೆ ಮನೆ ಹತ್ರ ಗರಡಿ ಮನೆ ಇದ್ಯಾ ನೋಡಿ. ಕುಸ್ತಿಲಿ ಸುಳ್ಳು ನಡೆಯಲ್ಲ, ಎದುರಿನ ಪೈಲ್ವಾನ್ ಬೆನ್ನು ಮಣ್ಣಿಗೆ ತಾಗ್ತಾ ಇಲ್ವಾ ಅಷ್ಟೇ ಲೆಕ್ಕ. ದಂಡ, ಬಸ್ಕಿ ಹೊಡ್ದು ಹೊಡ್ದು ಬರೋ ಸೊಂಟದ ಬಲ, ತಬ್ಬಿ ಹಿಡಿದೋನಿಂದ ಜಾರಿಕೊಳೋ ಚುರುಕು, ತಬ್ಬಿ ಹಿಡ್ಕೊಂಡು ಅಲ್ಲಾಡದ ಹಾಗೆ ಮಾಡೋ ಹಿಡಿತ, ಇದೆಲ್ಲ ರೋಡಲ್ಲಿ ನೇರ ಉಪಯೋಗಕ್ಕೆ ಬರತ್ತೆ. ಖರ್ಚೂ ಕಮ್ಮಿ, ಕಾಚ ಇದ್ರೆ ಸಾಕು, ಉಸ್ತಾದ್‌ಗೆ ಮರ್ಯಾದೆ ಕೊಟ್ರೆ ಸಾಕು, ಬೆಳಿಗ್ಗೆ ಐದಕ್ಕೆ ಏಳ್ಬೇಕು ಅದೊಂದು ಕಷ್ಟ. ಹಳೇ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ ಅನ್ನೋದು ದೊಡ್ಡ ಅಡ್ಡಿ, ಆದ್ರೆ ಮ್ಯಾಟ್ ಮೇಲಿನ ಕುಸ್ತಿ ಕಲಿಸೋ ಕಡೆ ಹುಡುಗೀರೂ ಇರ್ತಾರೆ, ದಸರಾ ಕುಸ್ತಿಲಿ ಈಗ ಹೆಣ್ಣುಮಕ್ಕಳ ಜೋಡಿನೂ ಇಳಿಸ್ತಾರೆ. ಏಟು ತಡೆಯೋದು ಮಾತ್ರ ಇಲ್ಲಿ ಕಲಿಯಲ್ಲ, ಅದಕ್ಕೆ ಜೊತೆಗೆ ಸ್ವಲ್ಪ ಬಾಕ್ಸಿಂಗ್ ಸೇರಿಸಿದ್ರೆ ನನ್ನ ದೃಷ್ಟಿಲಿ ಅದಕ್ಕಿಂತ ಒಳ್ಳೇ ಜೋಡಿ ಇಲ್ಲ. ಹಾಂ, ಮೈಸೂರು ಅರಮನೇಲಿ ವಿಜಯದಶಮಿ ದಿನ ಜಟ್ಟಿಗಳು ಮಾಡೋ ವಜ್ರಮುಷ್ಟಿ ಕಾಳಗ ನೋಡಿ "ಅದನ್ನ ಕಲಿಬಹುದಾ" ಅಂತ ಒಬ್ಬ ಕೇಳಿದ್ದ. ತಲೆ ಬೋಳಿಸ್ಕೊಂಡು, ಕೈಗೆ ವಜ್ರಮುಷ್ಟಿ ಅನ್ನೋ ಚೂಪು ಮೊನೆಯ ಆಯುಧ ಹಾಕ್ಕೊಂಡು, ಮೊದಲ ಹನಿ ರಕ್ತ ಕಂಡ ತಕ್ಷಣ ನಿಲ್ಲಿಸೋ ಸಂಪ್ರದಾಯ ಅದು, ಜಟ್ಟಿ ಮನೆತನದವರದ್ದು, ನಮಗೆ ನೋಡಿ ಕೈ ಮುಗಿಯೋದಷ್ಟೇ.

ಬ್ರೆಜಿಲಿಯನ್ ಜುಜಿತ್ಸು ಅಂದ್ರೆ ಬಿಜೆಜೆ, ಇದೂ ಕಾನೊ ಅವರ ಶಾಲೆಯಿಂದಲೇ ಒಡೆದ ಕೊಂಬೆ. ಕೊಡೊಕಾನ್‌ನ ಮಿತ್ಸುಯೊ ಮಾಯೆದಾ ಅನ್ನೋರು 1914ರಲ್ಲಿ ಬ್ರೆಜಿಲ್‌ಗೆ ಹೋದ್ರು, ಅವರಿಂದ ಗ್ರೇಸಿ ಕುಟುಂಬಕ್ಕೆ ವಿದ್ಯೆ ಸಿಕ್ತು, ಅವ್ರು ನೆಲದ ಮೇಲಿನ ಹೋರಾಟನ ತಿದ್ದಿ ತೀಡಿ ಬೆಳೆಸಿದ್ರು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನೋ ಹೋರಾಟದ ಸ್ಪರ್ಧೆ ಮೊದಲನೇ ಸಲ ನಡೀತು, ತೂಕದ ವಿಭಾಗ ಇಲ್ಲ, ಬೇರೆ ಬೇರೆ ವಿದ್ಯೆಯವರು ಒಂದೇ ಪಂಜರದಲ್ಲಿ, ಅಲ್ಲಿ ತೆಳ್ಳಗಿದ್ದ ರಾಯ್ಸ್ ಗ್ರೇಸಿ ಒಂದೇ ರಾತ್ರೀಲಿ ಮೂರು ಜನರನ್ನ ಸೋಲಿಸಿದ. ಸಣ್ಣ ಮೈಯವರು ದೊಡ್ಡ ಮೈಯವರ ಕೆಳಗೆ ಸಿಕ್ಕಿಬಿದ್ರೆ ಏನು ಮಾಡ್ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉತ್ತರ ನಂಗೆ ಗೊತ್ತಿಲ್ಲ, ಹೆಣ್ಣುಮಕ್ಕಳಿಗೆ ನಾನು ಇದನ್ನ ಜೋರಾಗಿ ಹೇಳ್ತೀನಿ. ಪ್ರತಿ ಕ್ಲಾಸಿನ ಕೊನೆಗೆ ನಿಜವಾಗಿ ಹೋರಾಡ್ತಾರೆ, ಉಸಿರು ಕಟ್ಟಿದ್ರೆ ಎರಡು ಸಲ ತಟ್ಟಿದ್ರೆ ಬಿಡ್ತಾರೆ, ತಲೆಗೆ ಏಟಿಲ್ಲ, ವಯಸ್ಸಾದವರೂ ಮಾಡಬಹುದು. ಆದ್ರೆ ಫೀಸು ಜಾಸ್ತಿ, ದೊಡ್ಡ ಊರು ಬಿಟ್ರೆ ಸಿಗೋದು ಕಷ್ಟ, ಮತ್ತೆ ಬೇಕಂತಲೇ ನೆಲಕ್ಕೆ ಕೂರೋ ಅಭ್ಯಾಸ ಆಗ್ಬಿಡತ್ತೆ, ಮೂರು ಜನ ಸುತ್ತ ನಿಂತಿರೋವಾಗ ರೋಡಲ್ಲಿ ಒಬ್ಬನ ಕೈ ತಿರುಚ್ತಾ ಮಲಗಿದ್ರೆ ಉಳಿದಿಬ್ರು ಸುಮ್ನೆ ನೋಡ್ತಾ ಇರ್ತಾರಾ?

ಥಾಯ್ಲೆಂಡಿನ ಮುವಾಯ್ ಥಾಯ್‌ನಲ್ಲಿ ಮುಷ್ಟಿ ಕಾಲಿನ ಜೊತೆ ಮೊಣಕೈ ಮೊಣಕಾಲೂ ಸೇರತ್ತೆ, ಹತ್ತಿರಕ್ಕೆ ಬಂದು ಹಿಡ್ಕೊಂಡವನಿಗೆ ಮೊಣಕಾಲು ಕೊಡೋದು ಬಹಳ ಕೆಲ್ಸಕ್ಕೆ ಬರೋ ವಿದ್ಯೆ. ಇದು ಸಿಕ್ಕಿದ್ರೆ ಕಣ್ಣು ಮುಚ್ಚಿ ಸೇರಿ, ಆದ್ರೆ ಸೇರಿದ ಮೇಲೆ ಕಣ್ಣು ಬಿಡಿ, ಯಾಕಂದ್ರೆ ಎಷ್ಟೋ ಜಿಮ್‌ಗಳಲ್ಲಿ ಕಿಕ್ ಬಾಕ್ಸಿಂಗ್ ಅಂತ ಬೋರ್ಡ್ ಹಾಕಿ ಜೋರಾಗಿ ಹಾಡು ಹಾಕಿ ಬ್ಯಾಗ್‌ಗೆ ಹೊಡೆಸಿ ಬೆವರು ಇಳಿಸಿ ಕಳಿಸ್ತಾರೆ, ತೂಕ ಇಳಿಯತ್ತೆ, ಅಷ್ಟೇ. ಎಂಎಂಎ ಅಂದ್ರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಇವೆಲ್ಲದರ ಕಲಬೆರಕೆ, ಕೋಚ್ ಒಳ್ಳೆಯವ್ರಾದ್ರೆ ಒಂದೇ ಜಾಗದಲ್ಲಿ ಎಲ್ಲಾ ಸಿಕ್ಕತ್ತೆ.

ಕರಾಟೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಕರಾಟೆ ಅನ್ನೋ ಒಂದೇ ಬೋರ್ಡಿನ ಕೆಳಗೆ ಹತ್ತು ಥರ ಅಂಗಡಿ ಇದೆ ಅಂತಿದೀನಿ. ಕ್ಯೊಕುಶಿನ್ ಅನ್ನೋ ಕರಾಟೆ ಪಂಗಡದವರು ಎದೆ ಹೊಟ್ಟೆ ತೊಡೆಗೆಲ್ಲ ಪೂರ್ತಿ ಬಲ ಹಾಕಿ ಹೊಡ್ಕೋತಾರೆ, ಗಟ್ಟಿ ಜನ, ಆದ್ರೆ ಕಾಂಪಿಟಿಷನ್‌ನಲ್ಲಿ ಮುಖಕ್ಕೆ ಕೈಲಿ ಗುದ್ದೋ ಹಾಗಿಲ್ಲ. ಪಾಯಿಂಟ್ ಕರಾಟೆಲಿ ಏಟು ತಾಗೋ ಹೊತ್ತಿಗೆ ಕೈ ಹಿಂದಕ್ಕೆ ಎಳ್ಕೋಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ ನಡೀತಲ್ಲ ಅದ್ರಲ್ಲಿ, 75 ಕೆಜಿ ಮೇಲಿನ ಗಂಡಸರ ಫೈನಲ್‌ನಲ್ಲಿ ಸೌದಿಯ ಹುಡುಗ ಇರಾನಿನವನ ತಲೆಗೆ ಒದ್ದು ಪ್ರಜ್ಞೆ ತಪ್ಪಿಸಿದ. ಏಟು ಜೋರಾಯ್ತು ಅಂತ ಒದ್ದವನನ್ನ ಅನರ್ಹ ಮಾಡಿದ್ರು, ಸ್ಟ್ರೆಚರ್ ಮೇಲೆ ಹೋದವನಿಗೆ ಚಿನ್ನ ಬಂತು. ಆಟದ ನಿಯಮಕ್ಕೆ ಅದು ಸರಿ ಇರಬಹುದು, ಆದ್ರೆ ದಿನಾ ಏಟು ಹಿಂದಕ್ಕೆ ಎಳ್ಕೊಂಡು ಕಲಿತ ಕೈ ಗಾಬರಿಲಿ ಬೇರೆ ಥರ ಆಡಲ್ಲ. ಕೊರಿಯಾದ ಟೇಕ್ವಾಂಡೋನೂ ಹೆಚ್ಚುಕಮ್ಮಿ ಇದೇ ಕತೆ, ಕಾಲು ಅದ್ಭುತ, ಮುಖಕ್ಕೆ ಕೈ ಇಲ್ಲ. ಮಕ್ಕಳಿಗೆ ಇವೆರಡೂ ಚೆನ್ನಾಗಿದೆ, ಮೈ ಬಗ್ಗತ್ತೆ, ಶಿಸ್ತು ಬರತ್ತೆ. ಕೇರಳದ ಕಳರಿ ಕಲಿಯೋ ಆಸೆ ಇದ್ರೆ ಕಳರಿಗೋಸ್ಕರವೇ ಕಲೀರಿ, ವರ್ಷಗಟ್ಟಲೆ ಬೇಕು, ನಾಳೆ ಬಸ್‌ಸ್ಟಾಪಲ್ಲಿ ಬೇಕು ಅಂತ ಹೋಗ್ಬೇಡಿ. ಎದುರಿನವನ ಬಲವನ್ನೇ ತಿರುಗಿಸಿ ಬೀಳಿಸೋ ಜಪಾನಿನ ಐಕಿಡೋ ನೋಡೋಕೆ ಚೆಂದ, ಅಷ್ಟೇ.

ಕ್ರಾವ್ ಮಗಾ ಬಗ್ಗೆ ಎಲ್ರೂ ಕೇಳ್ತಾರೆ, ಇಸ್ರೇಲ್ ಆರ್ಮಿ ಅಂತ ಬೋರ್ಡಲ್ಲೇ ಇರತ್ತಲ್ಲ. ಅದನ್ನ ಕಟ್ಟಿದ ಇಮಿ ಲಿಖ್ಟೆನ್‌ಫೆಲ್ಡ್ ಬ್ರಾಟಿಸ್ಲಾವಾದಲ್ಲಿ ಬೆಳೆದವರು, 1930ರ ದಶಕದಲ್ಲಿ ಯಹೂದಿ ಕೇರಿಗಳ ಮೇಲೆ ದಾಳಿ ಮಾಡ್ತಿದ್ದ ಪುಂಡರ ಜೊತೆ ಬೀದೀಲಿ ಹೊಡೆದಾಡಿದವರು. ಆದ್ರೆ ಎಲ್ರೂ ಮರೆಯೋ ವಿಷಯ, ಬೀದಿಗೆ ಇಳಿಯೋ ಮುಂಚೆಯೇ ಅವರು ಕುಸ್ತಿ ಮತ್ತೆ ಬಾಕ್ಸಿಂಗ್‌ನಲ್ಲಿ ಪಳಗಿದ್ದ ಆಟಗಾರ. ಅಡಿಪಾಯ ಅಲ್ಲಿತ್ತು, ಮೇಲೆ ಮಹಡಿ ಎದ್ದಿತು. ಈಗ ಎಷ್ಟೋ ಕಡೆ ಅಡಿಪಾಯ ಬಿಟ್ಟು ನೇರ ಮಹಡಿ ಕಟ್ಟಿಸ್ತಾರೆ, ಎರಡು ದಿನದ ವರ್ಕ್‌ಶಾಪು, ರಬ್ಬರ್ ಚಾಕು ಹಿಡಿದು ನಿಧಾನಕ್ಕೆ ಬರೋ ಪಾರ್ಟ್‌ನರ್ರು, ಕೊನೆಗೆ ಸರ್ಟಿಫಿಕೇಟು. ಸ್ಪಾರಿಂಗ್ ಮಾಡಿಸೋ ಕ್ರಾವ್ ಮಗಾ ಸಿಕ್ಕಿದ್ರೆ ಚೆನ್ನಾಗಿರತ್ತೆ, ಗಲಾಟೆ ಶುರುವಾಗೋ ಮುಂಚಿನ ಮಾತು, ಜಾಗ ನೋಡ್ಕೊಳೋದು, ಓಡೋದು ಇದನ್ನೆಲ್ಲ ಅವರು ಬೇರೆಯವರಿಗಿಂತ ಹೆಚ್ಚು ಹೇಳ್ಕೊಡ್ತಾರೆ.

ಹಂಗಾಗಿ ಬೋರ್ಡ್ ಬಿಟ್ಟು ಕ್ಲಾಸ್ ನೋಡಿ. ಫೋನ್ ಮಾಡಿ "ಸರ್, ಒಂದು ಕ್ಲಾಸ್ ಪೂರ್ತಿ ಕೂತು ನೋಡಬಹುದಾ" ಅಂತ ಕೇಳಿ, ಆಗಲ್ಲ ಅಂದ್ರೆ ಅಲ್ಲಿಗೆ ಮುಗೀತು. ಹೋಗಿ ಕೂತ ಮೇಲೆ ಮಾಸ್ಟರ್‌ನ ನೋಡ್ಬೇಡಿ, ಆರು ತಿಂಗಳಿಂದ ಬರ್ತಿರೋ ಸಾಮಾನ್ಯ ಹುಡುಗ ಹುಡುಗೀರನ್ನ ನೋಡಿ, ಆರು ತಿಂಗಳಾದ್ಮೇಲೆ ನೀವು ಇರೋದು ಹಾಗೇನೇ. ಒಬ್ಬರು ಹಿಡಿದಾಗ ಇನ್ನೊಬ್ಬರು ನಿಜವಾಗಿ ಒದ್ದಾಡ್ತಾರಾ, ಇಲ್ಲ ಸಹಕಾರ ಕೊಟ್ಟು ತಾವೇ ಬೀಳ್ತಾರಾ. ಸ್ಪಾರಿಂಗ್ ವಾರಕ್ಕೆ ಎಷ್ಟು ದಿನ, ಹೊಸಬರನ್ನ ಯಾವಾಗ ಇಳಿಸ್ತಾರೆ. ಮೊದಲನೇ ವಾರವೇ ಇಳಿಸಿ ಹೊಡೆಸೋ ಜಾಗವೂ ಕೆಟ್ಟದ್ದೇ, ವರ್ಷ ಆದ್ರೂ ಇಳಿಸದ ಜಾಗವೂ ಕೆಟ್ಟದ್ದೇ. ಸೀನಿಯರ್ ಒಬ್ಬ ಹೊಸಬನ ಮೇಲೆ ಪ್ರತಾಪ ತೋರಿಸ್ತಿದ್ರೆ ಕೋಚ್ ತಡೀತಾರಾ ಅಂತ ನೋಡಿ, ನಂಗೆ ಇದೊಂದೇ ಸಾಕು ಜಾಗ ಎಂಥದ್ದು ಅಂತ ಹೇಳೋಕೆ. ಹೆಣ್ಣುಮಕ್ಕಳು ಇದಾರಾ, ಇದ್ರೆ ಎಷ್ಟು ದಿನದಿಂದ ಬರ್ತಿದಾರೆ, ಅವರನ್ನೇ ಪಕ್ಕಕ್ಕೆ ಕರೆದು ಕೇಳಿ, "ಅಕ್ಕ, ಇಲ್ಲಿ ಹೇಗೆ, ಮುಟ್ಟೋದು ಗಿಟ್ಟೋದು ಏನಾದ್ರೂ ಕಿರಿಕಿರಿ ಇದ್ಯಾ" ಅಂತ, ನಿಮಗೆ ಸಿಗೋ ನಿಜವಾದ ರಿವ್ಯೂ ಅದೇ. ಗಂಡಸರ ಜೊತೆಗೂ ಪ್ರಾಕ್ಟೀಸ್ ಮಾಡ್ಬೇಕು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಯಾರ ಜೊತೆ ಅಂತ ಆಯ್ಕೆ ನಿಮ್ದಿರಬೇಕು.

ದುಡ್ಡಿನ ವಿಷ್ಯ, ವರ್ಷದ ಫೀಸು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತಾರೆ, ಕಟ್ಬೇಡಿ, ಮೂರು ತಿಂಗಳು ತಿಂಗಳಿಗೊಂದ್ಸಲ ಕಟ್ಟಿ ನೋಡಿ. ಬೆಲ್ಟ್ ಟೆಸ್ಟಿಗೆ ಎಷ್ಟು, ಯೂನಿಫಾರ್ಮ್ ಅವರ ಹತ್ರವೇ ತಗೋಬೇಕಾ, ಇದನ್ನ ಸೇರೋ ಮುಂಚೆ ಕೇಳಿ, ನಮ್ಮಪ್ಪ ಮೊದ್ಲೇ ಕೇಳಿದ್ದಿದ್ರೆ ಆ ದುಡ್ಡಲ್ಲಿ ಒಂದು ಹಸು ಬರ್ತಿತ್ತು. ಸಾಮಾನು ಮೊದಲನೇ ತಿಂಗಳು ಏನೂ ಬೇಡ. ಬಾಕ್ಸಿಂಗೋ ಮುವಾಯ್ ಥಾಯೋ ಮುಂದುವರಿಸ್ತೀರಿ ಅಂದ್ರೆ ಕೈಗೆ ಸುತ್ತೋ 180 ಇಂಚಿನ ಬಟ್ಟೆ ಪಟ್ಟಿ, ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್, ಬಿಸಿನೀರಲ್ಲಿ ಅದ್ದಿ ಕಚ್ಚಿ ಹಲ್ಲಿನ ಅಚ್ಚು ತೆಗೆಯೋ ಮೌತ್‌ಗಾರ್ಡು, ಗಂಡಸರಿಗೆ ತೊಡೆಸಂದಿಗೆ ಹಾಕೋ ಗಾರ್ಡು. ಸ್ಪಾರಿಂಗ್‌ಗೆ ಕ್ಲಾಸಿನ ಗಬ್ಬು ಗ್ಲೌಸ್ ಹಾಕ್ಕೋಬೇಡಿ, ಚರ್ಮದ ರೋಗ ಫ್ರೀ.

ಎಲ್ಲಕ್ಕಿಂತ ದೊಡ್ಡ ವಿಷ್ಯ ದೂರ. ಇಂದಿರಾನಗರದಲ್ಲಿ ಸೂಪರ್ ಕೋಚ್ ಇದಾರೆ ಅಂತ ನೀವು ರಾಜರಾಜೇಶ್ವರಿ ನಗರದಿಂದ ಸಂಜೆ ಆರಕ್ಕೆ ಹೊರಟ್ರೆ ಮೂರನೇ ವಾರಕ್ಕೆ ಬಿಡ್ತೀರಿ, ಬರೆದು ಕೊಡ್ತೀನಿ. ನಡ್ಕೊಂಡು ಹೋಗೋ ದೂರದ ಸುಮಾರಾದ ಬಾಕ್ಸಿಂಗ್ ಕ್ಲಾಸು ಟ್ರಾಫಿಕ್ ಆಚೆಗಿನ ಅದ್ಭುತ ಬಿಜೆಜೆಗಿಂತ ಮೇಲು. ವಾರಕ್ಕೆ ಎರಡು ದಿನ, ಆರು ತಿಂಗಳು ತಪ್ಪದೆ ಹೋದ್ರೆ ಮೈಗೆ ಏನೋ ಹತ್ತತ್ತೆ. ಒಂದು ಸೇರಿದ ಮೇಲೆ ಬದಲಾಯಿಸಬಾರದು ಅಂತೇನೂ ಇಲ್ಲ, ಟೋಕಿಯೋದಲ್ಲಿ ಬಾಕ್ಸಿಂಗ್ ಕಂಚು ತಂದ ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್ ಶುರು ಮಾಡಿದ್ದು ಮುವಾಯ್ ಥಾಯ್‌ನಿಂದ.

ಚಾಕು ತೋರಿಸಿದ್ರೆ ಏನು ಮಾಡೋದು ಅಂತ ಹುಡುಗರು ಕೇಳೇ ಕೇಳ್ತಾರೆ. ಪರ್ಸು ಫೋನು ಅವನ ಕಡೆ ಅಲ್ಲ, ಸ್ವಲ್ಪ ಪಕ್ಕಕ್ಕೆ ಎಸೆದು ಓಡಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಡೆನ್ನಿಸ್ ಟುಲ್ಲರ್ 1983ರಲ್ಲಿ ಬರೆದಿದ್ರು, ಚಾಕು ಹಿಡಿದವನು 21 ಅಡಿ ದೂರವನ್ನ ಸುಮಾರು ಒಂದೂವರೆ ಸೆಕೆಂಡಲ್ಲಿ ದಾಟ್ತಾನೆ ಅಂತ, ಸೊಂಟದಲ್ಲಿ ಪಿಸ್ತೂಲ್ ಇರೋ ಪೊಲೀಸಿಗೇ ಅದನ್ನ ಹೊರಗೆ ತೆಗೆದು ಗುರಿ ಇಡೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಬರಿಗೈಲಿ ಚಾಕು ಕಿತ್ಕೊಳೋದನ್ನ ಮೊದಲನೇ ತಿಂಗಳೇ ಕಲಿಸಿ "ಇನ್ನು ಭಯ ಇಲ್ಲ" ಅನ್ನೋ ಮಾಸ್ಟರ್ ನಿಮ್ಮ ಪ್ರಾಣಕ್ಕೆ ಎರವು. ಓಡೋಕೆ ದಮ್ಮು ಬೇಕು, ಅದಕ್ಕಾದ್ರೂ ಸ್ಕಿಪ್ಪಿಂಗ್ ಮಾಡಿ. ಸುರಕ್ಷಿತ ಜಾಗ ಸೇರಿದ ತಕ್ಷಣ 112.

ಇನ್ನೊಂದು ಯಾರೂ ಹೇಳದ ಲೆಕ್ಕ, ಕೇಸು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ ಕಲಂ 34ರಿಂದ 44ರವರೆಗೆ ಆತ್ಮರಕ್ಷಣೆಯ ಹಕ್ಕಿನ ವಿಷಯ. ಹಕ್ಕು ಇದೆ, ಬೇರೆಯವರನ್ನ ಕಾಪಾಡೋಕೂ ಇದೆ, ಆದ್ರೆ ಕಲಂ 37ರ ಪ್ರಕಾರ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ. ಅಂದ್ರೆ ಅವನು ಬಿದ್ದು ಓಡೋಕೆ ನೋಡ್ತಿದ್ರೆ ನೀವು ಹಿಂದೆ ಹೋಗಿ ಒದ್ರೆ ಅದು ರಕ್ಷಣೆ ಅಲ್ಲ. ಇದು ಕ್ಲಾಸ್ ಆರಿಸೋಕೂ ಸಂಬಂಧ ಪಡತ್ತೆ ನೋಡಿ. ಮದುವೆ ಮನೇಲಿ ಕುಡಿದು ಗಲಾಟೆ ಮಾಡೋ ಚಿಕ್ಕಪ್ಪನ ದವಡೆಗೆ ಗುದ್ದೋಕಾಗಲ್ಲ, ಗುದ್ದಿದ್ರೆ ಅವರು ತಲೆ ಹಿಂದಾಗಿ ಮೆಟ್ಟಿಲ ಮೇಲೆ ಬಿದ್ರೆ ಮುಗೀತು ಕತೆ. ಕುಸ್ತಿ, ಜೂಡೋ, ಬಿಜೆಜೆ ಗೊತ್ತಿದ್ರೆ ಹಿಂದಿನಿಂದ ತಬ್ಬಿ ಹಿಡಿದು "ಬನ್ನಿ ಚಿಕ್ಕಪ್ಪ, ಆಚೆ ಗಾಳಿಗೆ ಕೂತ್ಕೊಳಣ" ಅಂತ ಎತ್ಕೊಂಡು ಹೋಗಬಹುದು. ನಾನು ಒಂದ್ಸಲ ಹಾಗೇ ಮಾಡಿದೀನಿ, ಅವರಿಗೆ ಬೆಳಿಗ್ಗೆ ನೆನಪೇ ಇರ್ಲಿಲ್ಲ.

ನಮ್ಮ ಅಕ್ಕನ ಮಗಳು ಕೊನೆಗೆ ಸೇರಿದ್ದು ಬಾಕ್ಸಿಂಗ್. ನಾಲ್ಕೂ ಕಡೆ ಹೋಗಿ ಕೂತು ನೋಡಿದ್ಲಂತೆ, ಒಂದು ಕಡೆ ನೋಡೋಕೆ ಬಿಡ್ಲೇ ಇಲ್ವಂತೆ, ಇನ್ನೊಂದು ಕಡೆ ಮಾಸ್ಟರ್ ಮುಕ್ಕಾಲು ಗಂಟೆ ತಮ್ಮ ಫೋಟೋಗಳನ್ನೇ ತೋರಿಸಿದ್ರಂತೆ, ಬಾಕ್ಸಿಂಗ್ ಕ್ಲಾಸ್ ಪಿಜಿಯಿಂದ ಎಂಟು ನಿಮಿಷ ನಡಿಗೆ, ಅಲ್ಲಿ ಎರಡು ವರ್ಷದಿಂದ ಬರ್ತಿರೋ ಒಬ್ಬ ನರ್ಸ್ ಅಕ್ಕ "ಬಾ ಪುಟ್ಟ, ಮೊದಲನೇ ತಿಂಗಳು ಕೈ ನೋಯತ್ತೆ ಅಷ್ಟೇ" ಅಂದ್ರಂತೆ. ಈಗ ಎಂಟು ತಿಂಗಳಾಯ್ತು. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವಳ ಕಣ್ಣಿನ ಕೆಳಗೆ ನೀಲಿ ಕಟ್ಟಿರೋದು ನೋಡಿ ಅಕ್ಕ ನಂಗೆ ಫೋನ್ ಮಾಡಿ ಅರ್ಧ ಗಂಟೆ ಬೈದ್ಲು, "ಮದುವೆ ಆಗ್ಬೇಕಾಗಿರೋ ಹುಡುಗಿ ಕಣೋ" ಅಂತ. ನಾನು ಏನೂ ತಿರುಗಿ ಮಾತಾಡ್ಲಿಲ್ಲ. ಆಮೇಲೆ ಹುಡುಗಿಗೆ ಫೋನ್ ಮಾಡಿದ್ರೆ ಅವ್ಳಿಗೆ ಅದರ ಚಿಂತೆಯೇ ಇಲ್ಲ, "ಮಾಮ, ಕಣ್ಣು ಮುಚ್ಚಲಿಲ್ಲ ಗೊತ್ತಾ, ಏಟು ಬರೋದು ಪೂರ್ತಿ ನೋಡ್ದೆ, ಆದ್ರೂ ತಪ್ಪಿಸ್ಕೊಳಕ್ಕಾಗ್ಲಿಲ್ಲ" ಅಂತಾಳೆ.